ಹಗ್ಗಕ್ಕೆ ಬಂದ ಚರ್ಮ

ಚಿಕ್ಕಮ್ಮನ ಹಗ್ಗಕ್ಕೆ ಚರ್ಮ ಬಂದದ್ದನ್ನು ನಾನು ಮೊದಲು ನೋಡಿದ್ದು ಒಂದು ಜನವರಿಯಲ್ಲಿ, ಮೊಗ್ರಾಲ್ ಹೊಳೆ ಸಮುದ್ರ ಸೇರುವ ಅಳಿವೆಯ ಬಳಿ, ನೀರು ಇಳಿದ ಹೊತ್ತಿನಲ್ಲಿ. ಸೊಂಟದವರೆಗಿನ ನೀರಿನಲ್ಲಿ ನಿಂತು ಅವರು ಒಂದು ಹಗ್ಗವನ್ನು ಮೇಲೆತ್ತಿ ಹಿಡಿದಿದ್ದರು. ಅದರ ಸುತ್ತ ಒತ್ತೊತ್ತಾಗಿ ಕಲ್ಲುಮ್ಮಕಾಯಿ ಎನ್ನುವ ತಿನ್ನುವ ಚಿಪ್ಪು ಬೆಳೆದಿತ್ತು. ಚಿಪ್ಪುಗಳ ಹಸಿರು ಅಂಚು ಬಿಸಿಲಿಗೆ ಹೊಳೆಯಬೇಕಿತ್ತು, ಆದರೆ ಒಂದು ಗೇಣಿನಷ್ಟು ಜಾಗದಲ್ಲಿ ಹೊಳಪಿರಲಿಲ್ಲ. ಅಲ್ಲಿ ಚಿಪ್ಪುಗಳ ಮೇಲೆ ಹಳದಿ ಬಿಳುಪಿನ ಏನೋ ಹರಡಿತ್ತು. ಹಾಲಿನ ಕೆನೆಯ ಹಾಗೆ ಅನ್ನಬಹುದಿತ್ತು. ಆದರೆ ಕೆನೆ ತನ್ನ ಕೆಳಗಿರುವುದರ ಬಾಯಿ ಮುಚ್ಚಿಸುವುದಿಲ್ಲ. ಇದು ಮುಚ್ಚಿಸಿತ್ತು. ಅಂಚಿನಲ್ಲಿದ್ದ ಒಂದು ಚಿಪ್ಪು ಅರ್ಧ ಒಳಗೆ, ಅರ್ಧ ಹೊರಗೆ ಉಳಿದು ಬಾಯಿ ತೆರೆಯಲು ಜಾಗ ಹುಡುಕುತ್ತಿದ್ದ ಹಾಗಿತ್ತು.

"ನೀನು ಓದುವುದು ಇದನ್ನೇ ಅಲ್ವಾ? ಇದು ಎಂತ, ಹೇಳು," ಅಂದರು ಚಿಕ್ಕಮ್ಮ.

ನಾನಾಗ ಕಾಸರಗೋಡಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದೆ. ನಿಜ ಹೇಳಬೇಕೆಂದರೆ ಪ್ರಾಣಿಗಳಿಗಿಂತ ಚರ್ಚಾಸ್ಪರ್ಧೆಗಳ ಜೊತೆ ನನ್ನ ಒಡನಾಟ ಹೆಚ್ಚು. ಯಾವ ವಿಷಯ ಕೊಟ್ಟರೂ ಪರವಾಗಿಯೂ ಮಾತಾಡಬಲ್ಲೆ, ಚೀಟಿ ಬದಲಾದರೆ ವಿರುದ್ಧವಾಗಿಯೂ. ಮನೆಯಲ್ಲಿ ಯಾರಾದರೂ ಇವತ್ತು ಸೆಕೆ ಜಾಸ್ತಿ ಅಂದರೆ, ಯಾವುದಕ್ಕಿಂತ ಜಾಸ್ತಿ ಅಂತ ಕೇಳುವ ಜಾತಿ. ಗೊತ್ತಿಲ್ಲ ಅನ್ನುವ ಮಾತು ಬಾಯಿಗೆ ಸುಲಭವಾಗಿ ಬರುತ್ತಿರಲಿಲ್ಲ. ಸ್ಪಂಜು ಇರಬಹುದು, ಸ್ಪಂಜು ನಮ್ಮ ಹೊಳೆಗೆ ಹೊಸತೂ ಅಲ್ಲ, ಹೆದರಬೇಕಾದದ್ದೂ ಅಲ್ಲ ಎಂದೆ.

ಚಿಕ್ಕಮ್ಮ ವಾದ ಮಾಡಲಿಲ್ಲ. ಪಕ್ಕದ ಹಗ್ಗ ಎತ್ತಿದರು. ಅದರಲ್ಲೂ ಇತ್ತು. ಅದರಾಚೆಯದ್ದು ಎತ್ತಿದರು. "ಹಗ್ಗಕ್ಕೆ ಚರ್ಮ ಬಂದಿದೆ," ಎಂದು ತಮಗೆ ತಾವೇ ಹೇಳಿಕೊಂಡರು. ಮನೆಯಲ್ಲಿ ನಾವಾಡುವುದು ತುಳು. ಅದರಲ್ಲಿ ಆ ಮಾತು ಇನ್ನೂ ಬೆತ್ತಲೆಯಾಗಿ ಕೇಳಿಸಿತ್ತು.

ಹಗ್ಗದ ಕೆಲಸ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಹೊರಗಿನ ಸಮುದ್ರದ ಬಂಡೆಗಳಿಂದ ಉಗುರಿನಷ್ಟಿರುವ ಕಲ್ಲುಮ್ಮಕಾಯಿ ಮರಿಗಳನ್ನು ಕೆರೆದು ತರುತ್ತಾರೆ. ಹಗ್ಗದ ಸುತ್ತ ಅವನ್ನಿಟ್ಟು, ಹಳೆಯ ಹತ್ತಿಬಟ್ಟೆ ಸುತ್ತಿ ಹೊಲಿಯುತ್ತಾರೆ. ಬಟ್ಟೆ ನೀರಿನಲ್ಲಿ ಕೊಳೆತು ಕಳಚುವಷ್ಟರಲ್ಲಿ ಮರಿಗಳು ಹಗ್ಗವನ್ನು ಹಿಡಿದುಕೊಂಡಿರುತ್ತವೆ. ಬಿದಿರಿನ ಚಪ್ಪರ ಕಟ್ಟಿ ಹಗ್ಗಗಳನ್ನು ಇಳಿಬಿಟ್ಟರೆ ಉಳಿದದ್ದೆಲ್ಲ ಹೊಳೆಯ ಕೆಲಸ. ಮಳೆ ಬಂದು ನೀರು ಸಿಹಿಯಾಗುವ ಮೊದಲು ಕೊಯ್ದು ಮುಗಿಸಬೇಕು. ಚಿಕ್ಕಮ್ಮನ ಸಂಘದ ಹೆಂಗಸರೆಲ್ಲ ಮೊದಲು ಬೀಡಿ ಕಟ್ಟುತ್ತಿದ್ದವರು. ಕೂತಲ್ಲೇ ಕೂತು ಬೆನ್ನು ಬಾಗಿದ್ದ ಅವರನ್ನು, ಗಂಡಂದಿರ ಗೊಣಗಾಟ ಕೇಳಿಸಿಕೊಂಡು, ಒಬ್ಬೊಬ್ಬರನ್ನಾಗಿ ನೀರಿಗಿಳಿಸಿದ್ದು ಚಿಕ್ಕಮ್ಮ. ಹಗ್ಗ ಹೋದರೆ ಬೆಳೆ ಹೋದಂತೆ ಮಾತ್ರ ಅಲ್ಲ, ಅಷ್ಟು ಜನ ಮತ್ತೆ ಚಾವಡಿಯ ಮೂಲೆಗೆ ಹೋಗಿ ಕೂರಬೇಕು. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮರುದಿನ ಜಾಮ್ ಬಾಟಲಿಯಲ್ಲಿ ಹೊಳೆನೀರು ತುಂಬಿ, ಅದರಲ್ಲಿ ಒಂದು ತುಂಡನ್ನು ಹಾಕಿಕೊಂಡು ಬಸ್ಸು ಹತ್ತಿದೆ. ನಮಗೆ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಟೀಚರ್ ಕೇರಳದ ತೆಂಕಣ ಜಿಲ್ಲೆಯವರು, ಮಲಯಾಳಿ. ನಮ್ಮ ಕನ್ನಡವನ್ನು ನಾವು ಮಾತಾಡುವುದಕ್ಕಿಂತ ಹೆಚ್ಚು ಜೋಪಾನವಾಗಿ ಮಾತಾಡುತ್ತಿದ್ದರು. ತುಂಡನ್ನು ತಟ್ಟೆಗೆ ಹಾಕಿ, ನೀರೆರೆದು, ಲೆನ್ಸಿನ ಕೆಳಗಿಟ್ಟು ನೀರು ತಿಳಿಯಾಗುವವರೆಗೆ ಕಾದರು. ಆಮೇಲೆ ನನ್ನನ್ನು ಕರೆದು ನೋಡು ಎಂದರು. ಬರಿಗಣ್ಣಿಗೆ ಬರೀ ಚರ್ಮದಂತೆ ಕಂಡದ್ದರ ತುಂಬ ಸೂಜಿಮೊನೆಯಷ್ಟು ಸಣ್ಣ ತೂತುಗಳು. ಟೀಚರ್ ಸೂಜಿ ತಾಗಿಸಿದರು. ತಾಗಿಸಿದಲ್ಲಿನ ತೂತುಗಳು ಮುಚ್ಚಿಕೊಂಡವು. ಸುತ್ತಲಿನವೂ, ಒಂದರ ಹಿಂದೆ ಒಂದರಂತೆ.

ಸ್ಪಂಜು ಹೀಗೆ ಬೆಚ್ಚುವುದಿಲ್ಲ ಎಂದರು. ಇದು ಸೀ ಸ್ಕ್ವರ್ಟ್ ಎನ್ನುವ ಜಾತಿ, ಅದರಲ್ಲಿ ಗುಂಪಾಗಿ ಬದುಕುವ ಬಗೆ. ಒಂದೊಂದು ತೂತಿಗೂ ಒಂದೊಂದು ಜೀವ, ಎಲ್ಲದಕ್ಕೂ ಸೇರಿ ಒಂದೇ ಚರ್ಮ. ನೀರನ್ನು ಒಳಗೆಳೆದು, ತಿನ್ನುವುದನ್ನು ತಿಂದು, ಉಳಿದದ್ದನ್ನು ಹೊರಗೆ ಬಿಡುತ್ತವೆ. ಕಲ್ಲುಮ್ಮಕಾಯಿ ಮಾಡುವುದೂ ಅದನ್ನೇ. ಹಾಗಾಗಿ ಹಗ್ಗದಲ್ಲಿ ಇಬ್ಬರದೂ ಒಂದೇ ಊಟ, ಮೇಲೆ ಕೂತವರದ್ದೇ ಮೊದಲ ಪಂಕ್ತಿ.

"ಮರಿಯಲ್ಲಿ ಇದಕ್ಕೆ ಬಾಲ ಉಂಟು, ಬೆನ್ನೆಲುಬಿನ ಹಾಗೆ ಒಂದು ಎಳೆ ಉಂಟು. ಏಡಿಗಿಂತ, ಸಿಗಡಿಗಿಂತ ನಮಗೆ ಹತ್ತಿರದ ಸಂಬಂಧ, ಮೋಳೇ," ಎಂದರು, ಮಗಳೇ ಎನ್ನುವುದನ್ನು ಮಾತ್ರ ತಮ್ಮ ಭಾಷೆಯಲ್ಲಿ.

ಸಂಬಂಧಿಕರಾದರೆ ಮನೆ ಹಿಡಿಯುವುದರಲ್ಲಿ ಆಶ್ಚರ್ಯವಿಲ್ಲ ಎಂದು ನಾನಂದೆ. ಟೀಚರ್ ನಗಲಿಲ್ಲ. ಇದನ್ನು ನಮ್ಮ ಕಡೆಯ ಹೊಳೆಯಲ್ಲಿ ತಾನು ಕಂಡದ್ದೇ ಇಲ್ಲ, ಹೊರಗಿನಿಂದ ಬಂದದ್ದಿರಬೇಕು, ತಿಳಿಸಬೇಕಾದವರಿಗೆ ತಿಳಿಸಬೇಕು ಎಂದರು. ಸಮುದ್ರಜೀವಿಗಳ ಸಂಶೋಧನೆಯಲ್ಲಿ ಅವರ ಪರಿಚಯದವರು ಇದ್ದರು.

ಅಲ್ಲಿಂದ ನಮ್ಮ ಜಗಳ ಶುರು. ಹೊರಗಿನದ್ದು ಎಂದು ಹೇಳಬೇಕಾದರೆ ಮೊದಲು ಒಳಗಿದ್ದದ್ದು ಯಾವುದೆಂದು ಗೊತ್ತಿರಬೇಕು. ಮೊಗ್ರಾಲ್ ಹೊಳೆಯ ಅಡಿಗೆ ಇಳಿದು ಯಾವ ಕಲ್ಲಿಗೆ ಏನು ಅಂಟಿದೆ ಎಂದು ಯಾರು ನೋಡಿದ್ದಾರೆ? ಯಾರೂ ನೋಡಿಲ್ಲ. ನೋಡದೇ ಇದ್ದದ್ದು ಇರಲೇ ಇಲ್ಲ ಎನ್ನುವುದು ಯಾವ ನ್ಯಾಯ? ಸಾಬೀತು ಮಾಡುವ ಹೊಣೆ ಹೇಳುವವರದ್ದು. ಹೀಗೆ ಒಂದು ಪೀರಿಯಡ್ ಪೂರ್ತಿ ನಾನು ವಾದ ಮಾಡಿದೆ. ಟೀಚರ್ ಮಧ್ಯೆ ಬಾಯಿ ಹಾಕಲಿಲ್ಲ. ಕೊನೆಗೆ, ನೀನು ಹೇಳಿದ್ದು ಎಲ್ಲ ಸರಿ, ಯಾರೂ ನೋಡಿಲ್ಲ ಎಂಬುದೇ ತಿಳಿಸಲಿಕ್ಕೆ ಇರುವ ಕಾರಣ ಎಂದರು. ಅದು ಯಾವುದು ಎಂದು ತೀರ್ಮಾನ ಮಾಡುವ ಕೆಲಸ ನಮ್ಮದಲ್ಲ. ಕಂಡದ್ದನ್ನು ಕಂಡ ಹಾಗೆ ಕಳಿಸುವುದಷ್ಟೇ ನಮ್ಮದು. ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಫೋಟೋ ತೆಗೆಯಬೇಕು, ಎಷ್ಟು ಆಳದಲ್ಲಿತ್ತು, ಯಾವುದಕ್ಕೆ ಅಂಟಿತ್ತು, ಯಾವ ಊರು ಎಂದು ಬರೆಯಬೇಕು. ಒಂದು ತುಂಡನ್ನು ಸ್ಪಿರಿಟ್ಟಿನಲ್ಲಿಟ್ಟು ಕಳಿಸಬೇಕು. ಹಾಗೇ ಸ್ಪಿರಿಟ್ಟಿಗೆ ಹಾಕಿದರೆ ಜೀವಗಳು ಮುದುಡಿ ಗುರುತು ಸಿಗುವುದಿಲ್ಲವಂತೆ. ಮೊದಲು ಮೆಂಥಾಲ್ ಹರಳು ಹಾಕಿದ ನೀರಿನಲ್ಲಿಟ್ಟು ಮರಗಟ್ಟಿಸಬೇಕು.

ಹರಳು ಸಿಕ್ಕಿದ್ದು ನಾಯ್ಮಾರ್ಮೂಲೆಯ ಒಂದು ಗ್ರಂಧಿಗೆ ಅಂಗಡಿಯಲ್ಲಿ. ಅಂಗಡಿಯವರು ಕಟ್ಟಿಕೊಡುತ್ತ, ಶೀತವಾ ಎಂದು ವಿಚಾರಿಸಿದರು. ಅಲ್ಲ, ಕೊಲ್ಲುವ ಮೊದಲು ಮಂಪರು ಬರಿಸಲಿಕ್ಕೆ ಎಂದೆ. ಅವರು ಪೊಟ್ಟಣವನ್ನು ಕೊಡುವುದೋ ಬೇಡವೋ ಎಂಬಂತೆ ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದರು.

ಫೋಟೋ ತೆಗೆದದ್ದಾಯಿತು. ತುಂಡು ಸ್ಪಿರಿಟ್ಟಿಗೆ ಹೋಯಿತು. ಊರಿನ ಹೆಸರಿನಲ್ಲಿ ಕೆಲಸ ನಿಂತುಹೋಯಿತು.

ಚಿಕ್ಕಮ್ಮ ಬೇಡ ಎಂದರು. ಕೊಯ್ಲು ಮುಗಿಯುವವರೆಗೆ ಊರಿನ ಹೆಸರು ಎಲ್ಲಿಗೂ ಹೋಗಬಾರದು. ಹಿಂದೊಂದು ಸಲ ಅಳಿವೆಯ ನೀರು ಕೆಂಪಾಗಿದೆ ಎಂದು ಯಾರೋ ಹಬ್ಬಿಸಿದ್ದಕ್ಕೆ ಪೇಟೆಯಲ್ಲಿ ನಮ್ಮ ಕಲ್ಲುಮ್ಮಕಾಯಿಯನ್ನು ಮುಟ್ಟುವವರಿರಲಿಲ್ಲ. ನೀರು ಕೆಂಪಾಗಿರಲೂ ಇಲ್ಲ. ಈಗ ಕಾಲೇಜಿನವರೇ ಬರೆದು ಕಳಿಸಿದರೆ ಮೊಗ್ರಾಲಿನ ಕಲ್ಲುಮ್ಮಕಾಯಿಗೆ ರೋಗ ಎಂದು ಸಂಜೆಯೊಳಗೆ ಆಗುತ್ತದೆ. ಇದು ರೋಗವಲ್ಲ, ತಿನ್ನುವವರಿಗೆ ಏನೂ ಆಗುವುದಿಲ್ಲ ಎಂದು ನಾನು ಹೇಳಿದೆ. ಅದನ್ನು ಮೀನುಪೇಟೆಯಲ್ಲಿ ಬಂದು ಭಾಷಣ ಮಾಡ್ತೀಯಾ ಎಂದು ಅವರು ಕೇಳಿದರು. ಹೆಸರಿಲ್ಲದೆ ಕಳಿಸೋಣವೆಂದರೆ ಟೀಚರ್ ಒಪ್ಪಲಿಲ್ಲ. ಜಾಗ ಹೇಳದ ವರದಿಗೆ ತಲೆಯೂ ಇಲ್ಲ, ಕಾಲೂ ಇಲ್ಲ. ಇಬ್ಬರ ವಾದದಲ್ಲೂ ನನಗೆ ತಪ್ಪು ಕಾಣಿಸಲಿಲ್ಲ. ವೇದಿಕೆಯ ಮೇಲೆ ಇಂಥ ಸಂದರ್ಭದಲ್ಲಿ ಗಂಟೆ ಹೊಡೆದು ಸಮಯ ಮುಗಿಯಿತು ಅನ್ನುತ್ತಾರೆ. ಇಲ್ಲಿ ಗಂಟೆ ಹೊಡೆಯುವವರಿರಲಿಲ್ಲ. ನೀರೊಳಗೆ ಚರ್ಮ ಹರಡುತ್ತಲೇ ಇತ್ತು.

ಚಿಕ್ಕಮ್ಮ ತಮಗೆ ಗೊತ್ತಿದ್ದ ಮದ್ದು ಶುರು ಮಾಡಿದರು. ಹಗ್ಗಕ್ಕೆ ಪಾಚಿಯೋ, ಕಲ್ಲಿನಂತೆ ಅಂಟುವ ಬಾರ್ನಕಲ್ ಹುಳವೋ ಹಿಡಿದರೆ ಹೆಂಗಸರೆಲ್ಲ ಇಳಿತದಲ್ಲಿ ನೀರಿಗಿಳಿದು, ತೆಂಗಿನ ಗೆರಟೆಯ ಅಂಚಿನಿಂದ ಹೆರೆದು ಶುಚಿ ಮಾಡುವುದು ಅವರ ಕ್ರಮ. ಹೆರೆದದ್ದು ಅಲ್ಲೇ ನೀರಿಗೆ. ದಡಕ್ಕೆ ತರಬಾರದು. ಹೊಳೆಯಿಂದ ತೆಗೆದದ್ದರಲ್ಲಿ ತಿನ್ನಲಿಕ್ಕಾಗದ್ದು ಹೊಳೆಗೇ ಹೋಗಬೇಕೆಂದು ಅವರ ಅತ್ತೆಯಂದಿರ ಕಾಲದಿಂದ ನಡೆದುಬಂದದ್ದು. ಅದರಲ್ಲಿ ಅರ್ಥವಿಲ್ಲದೆ ಇಲ್ಲ. ದಡದಲ್ಲಿ ಬಿದ್ದರೆ ನಾಯಿ ಎಳೆದಾಡುತ್ತದೆ, ನಾತ ಹೊಡೆಯುತ್ತದೆ, ಬರಿಗಾಲಿನ ಮಕ್ಕಳಿಗೆ ಚಿಪ್ಪು ತಾಗುತ್ತದೆ, ನೆರೆಕರೆಯಲ್ಲಿ ಜಗಳವಾಗುತ್ತದೆ. ಚಿಕ್ಕಮ್ಮನ ಸಂಘದಷ್ಟು ಶುಚಿ ಆ ಹೊಳೆಯಲ್ಲಿ ಬೇರೆ ಯಾರದ್ದೂ ಇರಲಿಲ್ಲ. ವಾರಕ್ಕೊಮ್ಮೆ ಮಾಡುತ್ತಿದ್ದವರು ಈಗ ಮತ್ತೆ ಮತ್ತೆ ಇಳಿದರು. ಗೆರಟೆ ತಾಗಿದಲ್ಲೆಲ್ಲ ಚರ್ಮ ಚೂರುಚೂರಾಗಿ ಕಳಚಿ, ಇಳಿತದ ನೀರಿನಲ್ಲಿ ತುಂಬೆ ಹೂವಿನ ಎಸಳುಗಳ ಹಾಗೆ ತೇಲಿ ಹೋಗುವುದನ್ನು ನಾನು ದಡದಲ್ಲಿ ನಿಂತು ನೋಡಿದ್ದೇನೆ. ನೋಡಲಿಕ್ಕೆ ಚೆಂದವಿತ್ತು.

ತುಂಡು ತುಂಡಿಗೂ ಜೀವ ಉಂಟು, ಒಂದು ಚೂರು ಎಲ್ಲಾದರೂ ಅಂಟಿದರೆ ಅದೇ ಮತ್ತೆ ಹಾಸಿಕೊಳ್ಳಬಹುದು ಎಂದು ಟೀಚರ್ ಹೇಳಿದ್ದರು. ಅದನ್ನು ಚಿಕ್ಕಮ್ಮನಿಗೆ ಹೇಳಿದೆ.

"ಯಾರು ಕಂಡದ್ದು?" ಎಂದು ಕೇಳಿದರು ಅವರು.

ಪುಸ್ತಕದಲ್ಲಿ ಉಂಟು ಎಂದೆ.

"ಪುಸ್ತಕ ಈ ಹೊಳೆಗೆ ಇಳಿದಿದೆಯಾ? ನೀನೇ ಅಲ್ವಾ ಎಲ್ಲದಕ್ಕೂ ಸಾಕ್ಷಿ ಕೇಳುವವಳು. ತೋರಿಸು, ನಿಲ್ಲಿಸ್ತೇನೆ."

ನನ್ನದೇ ಮಾತು. ಬೇರೆಯವರ ಬಾಯಲ್ಲಿ ಕೇಳುವಾಗ ಅದು ಎಷ್ಟು ಹೊತ್ತು ತಿನ್ನುತ್ತದೆ ಎಂದು ಆವಾಗ ಗೊತ್ತಾಯಿತು.

ಸಂಘದಲ್ಲಿ ಒಬ್ಬ ಅಕ್ಕ ಇದ್ದರು, ರಸ್ತೆ ತಿರುವಿನ ಮನೆಯವರು. ಆ ವರ್ಷ ಊರೆಲ್ಲ ಗಂಟುಗಂಟು ನೋವಿನ ಜ್ವರ. ಅವರು ಹಾಸಿಗೆ ಹಿಡಿದು, ತಮ್ಮ ಪಾಲಿನ ಹಗ್ಗಗಳನ್ನು ಒಮ್ಮೆಯೂ ಹೆರೆದಿರಲಿಲ್ಲ. ಉಳಿದವರಿಗೆ ಕಾರಣ ಸಿಕ್ಕಿತು. ಇವಳ ಕೊಳೆ ಹಗ್ಗದಿಂದಲೇ ಎಲ್ಲರ ಹಗ್ಗಕ್ಕೂ ಬರುವುದು, ಜ್ವರ ಬಿಟ್ಟರೂ ಸೋಮಾರಿತನ ಬಿಡಲಿಲ್ಲ ಎಂದು ಮಾತಾಯಿತು. ಒಬ್ಬರಂತೂ, ಅವಳು ನೀರಿಗಿಳಿಯದಿದ್ದರೆ ಬೇಡ, ಹಗ್ಗವಾದರೂ ಎತ್ತಿ ಬಿಸಾಡಲಿ ಎಂದರು. ಆ ಅಕ್ಕ ಗೋಡೆ ಹಿಡಿದುಕೊಂಡು ಅಂಗಳದವರೆಗೆ ಬಂದು, ನನ್ನ ಹಗ್ಗ ನೀವೇ ನೋಡಿ, ಕೊಳೆಯಿದ್ದರೆ ಬಿಸಾಡಿ ಎಂದರಂತೆ. ಯಾರೂ ನೋಡಲಿಕ್ಕೆ ಹೋಗಲಿಲ್ಲ. ಗೊತ್ತಿರುವುದನ್ನು ಯಾಕೆ ನೋಡಬೇಕು?

ನಾನು ಹೋದೆ. ಅವರ ಹಗ್ಗಗಳನ್ನು ಒಂದೊಂದಾಗಿ ಎತ್ತಿದೆ. ಪಾಚಿ ಬೇಕಾದಷ್ಟಿತ್ತು. ಚರ್ಮವೂ ಇತ್ತು, ಆದರೆ ಎರಡು ಹಗ್ಗಗಳಲ್ಲಿ ಮಾತ್ರ, ಒಂದೊಂದೇ ತೇಪೆ, ದಪ್ಪವಾಗಿ, ಒಂದೇ ಕಡೆ. ಉಳಿದವರ ಹಗ್ಗಗಳಲ್ಲಿ ದೊಡ್ಡ ತೇಪೆ ಇರಲಿಲ್ಲ. ಹೆರೆದ ಕಡೆ ಚಿಪ್ಪು ಹಸಿರು ಹೊಳೆಯುವಷ್ಟು ಶುಚಿಯಾಗಿತ್ತು. ಆದರೆ ಮೇಲಿಂದ ಕೆಳಗಿನವರೆಗೆ, ಚಿಪ್ಪಿನ ಸಂದುಸಂದುಗಳಲ್ಲಿ, ಹಗ್ಗದ ಹುರಿಯಲ್ಲಿ, ಬಿದಿರಿನ ಗಂಟುಗಳಲ್ಲಿ ಸಾಸಿವೆಯಷ್ಟು, ಕಡಲೆಯಷ್ಟು ಚುಕ್ಕಿಗಳು. ಅತಿ ಹೆಚ್ಚು ಚುಕ್ಕಿ ಇದ್ದದ್ದು ಚಿಕ್ಕಮ್ಮನ ಹಗ್ಗಗಳಲ್ಲಿ. ಅತಿ ಹೆಚ್ಚು ಹೆರೆದವರೂ ಅವರೇ.

ಇಷ್ಟರಿಂದಲೇ ತೀರ್ಮಾನ ಮಾಡಲಿಕ್ಕಾಗುವುದಿಲ್ಲ. ಆ ಅಕ್ಕನ ಹಗ್ಗಗಳು ದಡದ ಬದಿಗಿದ್ದವು, ನೀರಿನ ಓಟ ಬೇರೆ. ಎದುರು ತಂಡದಲ್ಲಿದ್ದರೆ ನಾನೇ ಅದನ್ನು ಹಿಡಿದು ಜಗ್ಗುತ್ತಿದ್ದೆ. ಹಾಗಾಗಿ ಮೀನಿನ ಎರಡು ಹಳೆ ಬುಟ್ಟಿ ತಂದು, ಎರಡಕ್ಕೂ ಒಳಗಿನಿಂದ ಸಣ್ಣ ಕಣ್ಣಿನ ಬಲೆ ಹೊಲಿದೆ. ಎರಡರಲ್ಲೂ ಬಿಸಿಲಿಗೆ ಒಣಗಿದ ಖಾಲಿ ಚಿಪ್ಪು ಹಾಕಿದೆ. ಒಂದರಲ್ಲಿ ಬರೀ ಚಿಪ್ಪು, ಇನ್ನೊಂದರಲ್ಲಿ ಚಿಪ್ಪಿನ ಮೇಲೆ ಹೆರೆದ ಚೂರು. ಎರಡನ್ನೂ ಚಿಕ್ಕಮ್ಮನ ಚಪ್ಪರಕ್ಕೇ ಪಕ್ಕಪಕ್ಕ ಕಟ್ಟಿದೆ. ಹೆಂಗಸರು ನಕ್ಕರು. ಕಾಲೇಜಿನಲ್ಲಿ ಈಗ ಕಸ ಸಾಕಲಿಕ್ಕೆ ಕಲಿಸ್ತಾರಾ ಮಾರಾಯ್ತಿ ಎಂದರು.

ಬುಟ್ಟಿ ಎತ್ತುವ ದಿನ ಚಿಕ್ಕಮ್ಮ ತಾವಾಗಿ ಬಂದರು. ಮೊದಲನೆಯದರಲ್ಲಿ ಚಿಪ್ಪಿನ ಮೇಲೆ ತೆಳ್ಳಗೆ ಕೆಸರು, ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕಿ. ಎರಡನೆಯದನ್ನು ಎತ್ತುವಾಗ ಭಾರ ಇತ್ತು. ಒಳಗೆ ಚಿಪ್ಪುಗಳು ಬೇರೆ ಬೇರೆಯಾಗಿ ಉಳಿದಿರಲಿಲ್ಲ. ಚೂರುಗಳೆಲ್ಲ ಅಂಟಿ, ಹಿಗ್ಗಿ, ಒಂದಕ್ಕೊಂದು ಕೂಡಿ, ಚಿಪ್ಪುಗಳನ್ನೆಲ್ಲ ಒಂದೇ ಮುದ್ದೆಯಾಗಿ ಹಿಡಿದಿದ್ದವು. ಬಲೆಯ ಕಣ್ಣುಗಳೂ ಅಲ್ಲಲ್ಲಿ ಮುಚ್ಚಿಹೋಗಿದ್ದವು. ಚಿಕ್ಕಮ್ಮ ಬೆರಳಿನಿಂದ ಒತ್ತಿದರು. ಅದು ಒತ್ತಿದಲ್ಲಿ ತಗ್ಗಾಗಿ ಮತ್ತೆ ಮೇಲೆ ಬಂತು.

ಅವರು ಇಡೀ ಚಪ್ಪರದ ಕಡೆ ನೋಡಿದರು, ಅಲ್ಲಿಂದ ನೀರು ಹೋಗುವ ದಿಕ್ಕಿಗೆ.

"ನಾವೇ ಬಿತ್ತಿದ್ದು," ಎಂದರು. ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, "ಊರಿನ ಹೆಸರು ಹಾಕು," ಎಂದರು.

ಆ ಸಂಜೆಯೇ ಅವರು ರಸ್ತೆ ತಿರುವಿನ ಮನೆಗೆ ಹೋದರು. ಅಲ್ಲಿ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಮರುದಿನದಿಂದ ಆ ಅಕ್ಕನ ಬಗ್ಗೆ ಯಾರೂ ದೂರಿನ ಮಾತಾಡಲಿಲ್ಲ ಎಂಬುದು ಗೊತ್ತು.

ಟೀಚರ್ ಫೋಟೋಗಳನ್ನೂ ನನ್ನ ವಿವರಣೆಯನ್ನೂ ಇ-ಮೇಲಿನಲ್ಲಿ ಕಳಿಸಿದರು, ಸ್ಪಿರಿಟ್ಟಿನ ತುಂಡು ಬೇರೆ ಹೋಯಿತು. ಉತ್ತರ ಬರಲು ನಾನು ಅಂದುಕೊಂಡಷ್ಟು ತಡವಾಗಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ಇದೇ ಬಗೆಯದ್ದು ಬೇರೆ ಬಂದರುಗಳ ಕಡೆ ಕಂಡಿದೆ, ಬಹುಶಃ ಹಡಗುಗಳ ಅಡಿಗೆ ಅಂಟಿಕೊಂಡು ಬಂದದ್ದು, ಬಹುಶಃ ಅಲ್ಲಿಂದ ದೋಣಿಗಳ ಮೂಲಕ ಹರಡಿದ್ದು ಎಂದಿತ್ತು. ನೀರಿನಲ್ಲಿ ಹೆರೆಯಬೇಡಿ. ಇದು ಹಿಡಿದ ಹಗ್ಗಗಳನ್ನು ಇದ್ದ ಹಾಗೇ ಎತ್ತಿ ದಡದಲ್ಲಿ ಪೂರ್ತಿ ಒಣಗಿಸಿ. ಚಪ್ಪರದ ಬಿದಿರನ್ನೂ. ಅಲ್ಲಿಂದ ಮರಿಗಳನ್ನು ಬೇರೆಡೆಗೆ ಕೊಡಬೇಡಿ. ಹೊರಗಿನ ಬಂಡೆಗಳನ್ನು ನೋಡುತ್ತಿರಿ.

ಎರಡು ಸಲ ಬಂದ ಬಹುಶಃ ಎಂಬ ಮಾತಿನ ಮೇಲೆ ನಾನು ಟೀಚರ್ ಹತ್ತಿರ ಮತ್ತೆ ಜಗಳ ಮಾಡಬಹುದಿತ್ತು. ಮಾಡಲಿಲ್ಲ. ನನ್ನ ಕಣ್ಣು ಕೊನೆಯ ಸಾಲಿನಲ್ಲಿತ್ತು. ಹೊರಗಿನ ಬಂಡೆಗಳು ಎಂದರೆ ಎಲ್ಲರೂ ಮರಿ ಕೆರೆದು ತರುವ ಬಂಡೆಗಳು.

ಚಿಕ್ಕಮ್ಮನಿಗೆ ಓದಿ ಹೇಳಿದೆ. ಆಗ ಫೆಬ್ರವರಿ. ಕಲ್ಲುಮ್ಮಕಾಯಿ ಇನ್ನೂ ಅರ್ಧ ಮಾತ್ರ ಬೆಳೆದಿತ್ತು, ಒಳಗೆ ತಿರುಳು ತುಂಬಿರಲಿಲ್ಲ. ಈಗ ಎತ್ತಿದರೆ ಪೇಟೆಗೆ ಆಗುವುದಿಲ್ಲ. ಹೇಗೂ ಮಳೆ ಬಂದರೆ ಸಿಹಿನೀರಿಗೆ ಸಾಯುವುದಲ್ಲವಾ, ಅಲ್ಲಿಯವರೆಗೆ ಇರಲಿ ಎಂದು ಹೆಂಗಸರು ಹೇಳಿದರು. ಅದು ತೆಗೆದುಹಾಕುವ ಮಾತಾಗಿರಲಿಲ್ಲ. ನಾನೂ ಟೀಚರ್ ಹತ್ತಿರ ಅದನ್ನೇ ಕೇಳಿದ್ದೆ. ಮೇಲಿನ ನೀರು ಸಿಹಿಯಾದರೂ ಅಳಿವೆಯ ಆಳದಲ್ಲಿ ಉಪ್ಪು ಉಳಿಯುತ್ತದೆ, ಹೊರಗೆ ಸಮುದ್ರವಂತೂ ಇದ್ದೇ ಇದೆ, ಮಳೆಯವರೆಗೆ ಇಟ್ಟುಕೊಂಡರೆ ಅಲ್ಲಿಯವರೆಗೆ ಬೀಜ ಹಾಕುತ್ತಲೇ ಇರುತ್ತದೆ ಎಂದಿದ್ದರು.

ಚಿಕ್ಕಮ್ಮ ನನ್ನನ್ನು ಎರಡೇ ಪ್ರಶ್ನೆ ಕೇಳಿದರು.

"ಎತ್ತಿದರೆ ಇದು ಹೋಗ್ತದಾ?"

ಹೇಳಲಿಕ್ಕಾಗುವುದಿಲ್ಲ ಎಂದೆ.

"ಎತ್ತದಿದ್ದರೆ?"

"ಆಚೆ ದಡದವರ ಹಗ್ಗಕ್ಕೂ ಹೋಗ್ತದೆ."

ಅವರು ಎತ್ತಲು ಹೇಳಿದರು.

ಹೊಳೆಯದ್ದನ್ನು ದಡಕ್ಕೆ ತರಬಾರದೆಂದು ಬದುಕಿದವರು ಹಗ್ಗಗಳನ್ನು ದಡಕ್ಕೆ ತಂದರು. ಒಂದೊಂದು ಹಗ್ಗಕ್ಕೂ ಕೆಳಗಿನಿಂದ ಗೋಣಿ ಹಿಡಿದು, ಒಂದು ಚೂರೂ ನೀರಿಗೆ ಬೀಳದ ಹಾಗೆ. ಮರಳಿನ ಮೇಲೆ ಸಾಲಾಗಿ ಹಾಸಿದರು. ಮೊದಲ ದಿನ ಕಲ್ಲುಮ್ಮಕಾಯಿಗಳು ಬಾಯಿ ಬಿಗಿಹಿಡಿದಿದ್ದವು. ಮರುದಿನ ಒಂದೊಂದಾಗಿ ತೆರೆದವು. ಚರ್ಮದ ಕೆಳಗಿದ್ದವು ತೆರೆಯಲೂ ಆಗದೆ ಹಾಗೇ ಸತ್ತವು. ಆಮೇಲೆ ನಾತ. ನಾಯಿಗಳು ಬಂದವು, ಕಾಗೆ ಬಂದವು, ಪಕ್ಕದ ಮನೆಯವರು ಮೂಗಿಗೆ ಸೆರಗು ಹಿಡಿದು ಅಂಗಳಕ್ಕೆ ಬಂದು ಬೈದರು. ಚಿಕ್ಕಮ್ಮ ಕೋಲು ಹಿಡಿದು ನಾಯಿ ಓಡಿಸುತ್ತ ಕೂತರು. ಒಂದು ನಾಯಿ ಹಗ್ಗವನ್ನು ಕಚ್ಚಿ ನೀರಿನ ಕಡೆ ಎಳೆದರೂ ಸಾಕು, ಎಲ್ಲ ಸುಳ್ಳಾಗುತ್ತದೆ ಎಂಬಂತೆ.

ಆಚೆ ದಡದ ಸಂಘ ಬ್ಯಾರಿ ಹೆಂಗಸರದ್ದು. ಎರಡೂ ಸಂಘಗಳ ನಡುವೆ ಒಂದು ಕೊಡುಕೊಳ್ಳುವ ಕ್ರಮವಿತ್ತು. ನಮ್ಮ ಹಗ್ಗಗಳಲ್ಲಿ ಒತ್ತಾಗಿ ಬೆಳೆದ ಮರಿಗಳನ್ನು ಬಿಡಿಸಿ ಅವರಿಗೆ ಕೊಡುವುದು, ಅವರು ಬಿದಿರು ಕೊಡುವುದು. ಬಿಡಿಸುವ ಸಮಯವಾಗಿತ್ತು. ಅವರ ಸಂಘದ ಹಿರಿಯಾಕೆ ದೋಣಿಯಲ್ಲಿ ಬಂದರು. ಚಿಕ್ಕಮ್ಮನ ಹಳೆಯ ಗೆಳತಿ, ಬಾಯಿ ಜೋರು. ದೋಣಿಯಿಂದ ಇಳಿಯುವ ಮೊದಲೇ ಚಿಕ್ಕಮ್ಮ, ಇಳಿಯಬೇಡ, ಈ ವರ್ಷ ಮರಿ ಇಲ್ಲ ಎಂದರು.

"ಮರಿ ಕೊಡಲಿಕ್ಕೆ ಮನಸ್ಸಿಲ್ಲ ಅಂತ ಹೇಳು ಮಾರಾಯ್ತಿ. ಅದಕ್ಕೆ ಊರು ನಾರುವ ಹಾಗೆ ಮಾಡಬೇಕಾ?"

ಚಿಕ್ಕಮ್ಮ ಒಂದು ಹಗ್ಗವನ್ನು ತೋರಿಸಿದರು. ಒಣಗಿದ ಮೇಲೆ ಅದು ಬರೀ ಬೂದು ಹಪ್ಪಳದಂತಿತ್ತು, ಹೆದರಿಸುವಂಥದ್ದು ಅದರಲ್ಲಿ ಏನೂ ಉಳಿದಿರಲಿಲ್ಲ. ಇಷ್ಟಕ್ಕಾ ಎಂದು ಆಕೆ ಕೇಳಿದರು. ನಾನು ಮಧ್ಯೆ ಹೋಗಿ ತೂತು, ತುಂಡು, ಬಂದರು, ಹಡಗು ಎಲ್ಲವನ್ನೂ ವಿವರಿಸಿದೆ. ಹಾಗಾದರೆ ನಿಮ್ಮ ಕಡೆ ಬಂದದ್ದು ನಮ್ಮ ಕಡೆ ಯಾಕೆ ಬರಲಿಲ್ಲ ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಇನ್ನೂ ಬರಲಿಲ್ಲ ಎಂಬುದೇ ಇರಬಹುದು ಎಂದೆ. ಆಕೆ ದೋಣಿ ತಿರುಗಿಸಿದರು. ಆ ವರ್ಷ ಅವರು ಬೇರೆ ಕಡೆಯಿಂದ ಮರಿ ತಂದು, ಒಳ್ಳೆಯ ಬೆಳೆ ಕೊಯ್ದರು. ನಮ್ಮ ದಡದಲ್ಲಿ ಆ ಬೇಸಿಗೆ ಬೀಡಿಯೆಲೆಯ ಕಟ್ಟುಗಳು ಮನೆಮನೆಗೆ ಮತ್ತೆ ಬಂದವು. ಚಿಕ್ಕಮ್ಮ ಅದನ್ನು ನೋಡಿಯೂ ನೋಡದ ಹಾಗೆ ರಸ್ತೆಯಲ್ಲಿ ಹೋಗುತ್ತಿದ್ದರು. ನಿನ್ನ ಓದು ನಮಗೆ ಇಷ್ಟು ಮಾಡಿತು ಎಂದು ಒಬ್ಬರು ನನಗೆ ನೇರವಾಗಿ ಹೇಳಿದರು. ಎದುರಿಗೆ ಹೇಳಿದವರು ಅವರೊಬ್ಬರೇ.

ಮಳೆ ಬಂತು, ಹೊಳೆ ಕೆಂಪಗೆ ತುಂಬಿ ಹರಿಯಿತು, ಮಳೆ ಹೋಯಿತು. ಆ ಚಳಿಗಾಲ ನಮ್ಮ ಕಡೆ ಚಪ್ಪರ ಕಟ್ಟಲಿಲ್ಲ. ಚಿಕ್ಕಮ್ಮ ಒಂದು ವರ್ಷ ನೀರು ಖಾಲಿ ಇರಲಿ ಎಂದರು. ಆಚೆ ದಡದಲ್ಲಿ ಎಂದಿನಂತೆ ಹಗ್ಗ ಇಳಿದವು. ಹೊರಗಿನ ಬಂಡೆಗಳಿಂದಲೇ ತಂದ ಮರಿ.

ಕ್ರಿಸ್ಮಸ್ ರಜೆಯಲ್ಲಿ ಒಂದು ದಿನ ಆಚೆಯಿಂದ ದೋಣಿ ಬಂತು. ನಿಮ್ಮ ಓದುವ ಹುಡುಗಿಯನ್ನು ಕರೆದುಕೊಂಡು ಬರಲಿಕ್ಕೆ ಹೇಳಿದ್ದಾರೆ ಎಂದ ದೋಣಿಯವನು. ಚಿಕ್ಕಮ್ಮನೂ ಸೆರಗು ಸಿಕ್ಕಿಸಿ ನನ್ನ ಜೊತೆ ದೋಣಿಯಲ್ಲಿ ಕೂತರು. ದಾರಿಯುದ್ದಕ್ಕೂ ನೀರನ್ನೇ ನೋಡುತ್ತಿದ್ದರು.

ಆ ಹಿರಿಯಾಕೆ ಚಪ್ಪರದ ಬಳಿ ನೀರಿನಲ್ಲಿ ನಿಂತಿದ್ದರು. ಆಕೆ ಒಂದು ಹಗ್ಗ ಎತ್ತಿದರು. ನಡುವೆ ಅಂಗೈಯಷ್ಟು ಜಾಗದಲ್ಲಿ ಹಸಿರು ಇರಲಿಲ್ಲ. ನಾನು ಬಗ್ಗಿ ನೋಡಿದೆ. ಲೆನ್ಸ್ ತಂದಿದ್ದೆ, ಬೇಕಾಗಲಿಲ್ಲ. ಆಕೆಯ ಇನ್ನೊಂದು ಕೈಯಲ್ಲಿ ಗೆರಟೆ ಇತ್ತು. ಹೆರೆಯಬೇಡಿ, ಒಂದು ಚೂರನ್ನೂ ನೀರಿಗೆ ಬಿಡಬೇಡಿ ಎಂದೆ. ಎಲ್ಲ ಹಗ್ಗ ಎತ್ತಿ ಒಣಗಿಸಬೇಕು ಎಂದೂ ಹೇಳಿದೆ. ನನ್ನ ಧ್ವನಿ ನನಗೇ ಸಪ್ಪೆಯಾಗಿ ಕೇಳಿಸಿತು.

ಆಕೆ ನನ್ನ ಕಡೆ ತಿರುಗಲಿಲ್ಲ. ದೋಣಿಯಲ್ಲಿ ಕೂತಿದ್ದ ಚಿಕ್ಕಮ್ಮನನ್ನು ನೋಡಿ ಕೇಳಿದರು.

"ನೀನು ಎತ್ತಿದ್ದಿ ಅಲ್ವಾ. ಹೋಯ್ತಾ?"

"ಇಲ್ಲ," ಎಂದರು ಚಿಕ್ಕಮ್ಮ, ಆಕೆಯ ಕೈಯಲ್ಲಿದ್ದ ಹಗ್ಗವನ್ನು ನೋಡಿ. "ಎತ್ತು."

ಆಕೆ ಗೆರಟೆಯನ್ನು ದೋಣಿಯೊಳಗೆ ಹಾಕಿದರು. ಚಿಕ್ಕಮ್ಮ ನೀರಿಗಿಳಿದು ಹಗ್ಗದ ಕೆಳತುದಿಗೆ ಗೋಣಿ ಹಿಡಿದರು. ಇಬ್ಬರೂ ಸೇರಿ ಮೊದಲ ಗಂಟು ಬಿಚ್ಚಿದರು.